ಕ್ರೈಸ್ತ ಧರ್ಮದ ಬಗ್ಗೆ ತಿಳ್ಕೋಬೇಕು ಅಂದವರ ಕೈಯಾಗ ಮೊದಲ ಏನ್ ಕೊಡಬೇಕು: ಹಂತ ಹಂತದ ಮಾರ್ಗದರ್ಶಿ

ರಬಕವಿಯೊಳಗ ನನ್ನ ದೋಸ್ತ ಒಬ್ಬಾವ ಅದಾನ, ಪವರ್‌ಲೂಮ್ ಮ್ಯಾಲ ಕೆಲಸ. ಒಂದಿನ "ನಿಮ್ಮ ಧರ್ಮದಾಗ ಏನ್ ಹೇಳ್ತಾರಪಾ, ಓದಾಕ ಏನರ ಕೊಡು" ಅಂದ. ನನಗ ಖುಷಿ ಆತು, ಹಿಂದ ಮುಂದ ವಿಚಾರ ಮಾಡಲಿಲ್ಲ, ಕಪ್ಪ ರಟ್ಟಿನ ಪೂರ್ತಿ ಬೈಬಲ್ ಕೊಟ್ಟಬಿಟ್ಟೆ. ನಾಲ್ಕ ತಿಂಗಳ ಬಿಟ್ಟ ಅವರ ಮನಿಗೆ ಹೋದಾಗ ಪುಸ್ತಕ ಟಿವಿ ಮಗ್ಗಲ ಇತ್ತು, ಒಳಗ ಒಂದು ಬಸ್ ಟಿಕೆಟ್ ಗುರ್ತಿಗೆ ಇಟ್ಟಿದ್ದ. ತಗದ ನೋಡಿದ್ರ ಬೈಬಲಿನ ಎರಡನೇ ಪುಸ್ತಕ, ವಿಮೋಚನಕಾಂಡ, 25ನೇ ಅಧ್ಯಾಯ. ಜಾಲೀಮರದ ಮಂಜೂಷ, ಅಂದ್ರ ಪೆಟ್ಟಿಗಿ, ಎರಡೂವರಿ ಮೊಳ ಉದ್ದ, ಒಂದೂವರಿ ಮೊಳ ಅಗಲ. ಅಲ್ಲಿಗೇ ನಿಂತಿದ್ದ. "ಇದರಾಗ ಯೇಸು ಎಲ್ಲಿ ಬರ್ತಾನೋ?" ಅಂತ ಕೇಳಿದ. ಪುಸ್ತಕದ ಮುಕ್ಕಾಲ ಭಾಗ ದಾಟಿದ ಮ್ಯಾಲ ಬರ್ತಾನ ಅಂತ ನಾ ಅವಂಗ ಮೊದಲ ಹೇಳೇ ಇರಲಿಲ್ಲ.

ಆವಾಗಿಂದ ನೋಡಾಕತ್ತೀನಿ, ನಮ್ಮ ಕಡೆ ಬೆಳಗಾವಿ, ಬಾಗಲಕೋಟಿ, ವಿಜಯಪುರದಾಗ ಎಲ್ಲಾರೂ ಇದೇ ತಪ್ಪ ಮಾಡ್ತಾರ. ಯಾರರ ಕುತೂಹಲದಿಂದ ಕೇಳಿದ್ರ ಒಂದೋ ದಪ್ಪ ಪುಸ್ತಕ ಕೊಡ್ತಾರ, ಇಲ್ಲಾಂದ್ರ ವಾಟ್ಸಾಪಿಗೆ ಇಪ್ಪತ್ತ ವಿಡಿಯೋ ಒಮ್ಮೆಲೇ ಕಳಸ್ತಾರ, ಇಲ್ಲಾಂದ್ರ "ಈ ರವಿವಾರ ಚರ್ಚಿಗೆ ಬಂದಬಿಡ್ರಿ" ಅಂತಾರ. ಕೇಳಿದವರು ಸುಮ್ಮನಾಗ್ತಾರ, ಮುಂದ ನಮ್ಮನ್ನ ಕಂಡ್ರ ಆ ಮಾತ ತಗಿಯಂಗಿಲ್ಲ. ಇಲ್ಲಿ ತಪ್ಪ ಆಗೋದು ಬರೇ ಕ್ರಮದಾಗ. ಅದಕ್ಕ ಕ್ರಮಾನ ಬರೀತೀನಿ. ಇದು ಕ್ರೈಸ್ತರಿಗೂ ಸೈ, ಕ್ರೈಸ್ತರಲ್ಲದ ಮಾಸ್ತರು, ಲೈಬ್ರರಿಯವರು, ದೋಸ್ತರಿಗೂ ಸೈ, ಯಾಕಂದ್ರ ಇಂಥಾ ಪ್ರಶ್ನೆ ಯಾರಿಗೆ ಬೇಕಾದ್ರೂ ಬರ್ತೈತಿ.

ಶುರು ಮಾಡೋಕಿಂತ ಮೊದಲ ಬೇಕಾಗೋ ಸಾಮಾನು

ಭಾಳ ಏನ್ ಬ್ಯಾಡ. ಮಾರ್ಕನ ಸುವಾರ್ತೆಯ ಬಿಡಿ ಪುಸ್ತಕ ಇದ್ರ ಒಂದು. ಸುವಾರ್ತೆ ಅಂದ್ರ ಯೇಸುವಿನ ಜೀವನ, ಮಾತು ಹೇಳೋ ಪುಸ್ತಕ, ಬೈಬಲಿನಾಗ ಅಂಥಾವು ನಾಲ್ಕ ಅದಾವು. ಬೈಬಲ್ ಸೊಸೈಟಿಯವರು ಒಂದೊಂದ ಸುವಾರ್ತೆ ಸಣ್ಣ ಪುಸ್ತಕ ಮಾಡಿ ಮಾರ್ತಾರ. ಅದು ಸಿಗಲಿಲ್ಲಂದ್ರ ಕಿಸೆಯಾಗ ಹಿಡಿಯೋ ಹೊಸ ಒಡಂಬಡಿಕೆ, ಅಂದ್ರ ಬೈಬಲಿನಾಗ ಯೇಸುವಿನಿಂದ ಈಚಿನ ಭಾಗ, ಸಾಕು. ಒಂದು ಪೆನ್ಸಿಲ್, ಪೆನ್ನು ಬ್ಯಾಡ, ಯಾಕಂದ್ರ ಧರ್ಮಗ್ರಂಥದಾಗ ಪೆನ್ನಿಲೆ ಗೀಚಾಕ ಜನಾ ಅಂಜ್ತಾರ, ಪೆನ್ಸಿಲ್ ಕೊಟ್ರ ಧೈರ್ಯ ಬರ್ತೈತಿ. ಒಂದ ಸಣ್ಣ ನೋಟಬುಕ್ಕು. ಮೊಬೈಲ್. ಮತ್ತ ನಿಮ್ಮ ಕಡೆಯಿಂದ ವಾರಕ್ಕ ಒಂದ ತಾಸು. ಈ ತಾಸು ಕೊಡಾಕ ಆಗಂಗಿಲ್ಲಂದ್ರ ಪುಸ್ತಕ ಕೊಡೋದೂ ಬ್ಯಾಡ, ಬೇರೆ ಯಾರದರ ಪರಿಚಯ ಮಾಡಿಸ್ರಿ.

ಹಂತ 1: ಪುಸ್ತಕ ತಗಿಯೋಕಿಂತ ಮೊದಲ ಕೇಳ್ರಿ, "ಏನ್ ತಿಳ್ಕೋಬೇಕಂತ ಅನ್ನಿಸ್ತು?"

ಈ ಒಂದ ಪ್ರಶ್ನೆ ಬಿಟ್ಟದ್ದಕ್ಕ ಅರ್ಧ ಕೆಲಸ ಕೆಡ್ತೈತಿ. ಕುತೂಹಲ ಅಂದ್ರ ಒಂದೇ ನಮೂನಿ ಇರಂಗಿಲ್ಲ. ವಿಜಯಪುರದಾಗ ಸ್ಪರ್ಧಾ ಪರೀಕ್ಷೆಗೆ ಓದೋ ಹುಡುಗ ಒಬ್ಬ ನನ್ನ ಕೇಳಿದ್ದು ಬರೇ ಕ್ಯಾಥೊಲಿಕ್ಕರಿಗೂ ಪ್ರೊಟೆಸ್ಟಂಟರಿಗೂ ಏನ್ ಫರಕ ಅಂತ. ಅವಂಗ ಸುವಾರ್ತೆ ಪುಸ್ತಕ ಕೊಟ್ರ ಏನ್ ಉಪಯೋಗ, ಅವಂಗ ಬೇಕಾಗಿದ್ದು ಎರಡ ಪುಟದ ವಿವರಣೆ. ಮಗಳು ಕ್ರೈಸ್ತ ಹುಡುಗನ್ನ ಮದುವಿ ಆಗ್ತೀನಿ ಅಂದದ್ದಕ್ಕ ಕೇಳಾಕ ಬಂದ ತಾಯಿಗೆ ಬೇಕಾಗೋದು ಬ್ಯಾರೆನ: ಅವರ ಮನಿಯಾಗ ಏನ್ ನಡೀತೈತಿ, ಹಬ್ಬ ಯಾವು, ಮದುವಿ ಹೆಂಗ ಮಾಡ್ತಾರ, ನಮ್ಮ ಹುಡುಗಿ ಕುಂಕುಮ ಹಚ್ಚಬೇಕೋ ಬ್ಯಾಡೋ. ಸಾವು ನೋವು ಕಂಡ ಮನುಷ್ಯಾ ಸಮಾಧಾನ ಹುಡುಕತಿರ್ತಾನ. ಇನ್ನೊಬ್ಬಾವ ಯೂಟ್ಯೂಬಿನಾಗ ಧರ್ಮದ ಜಗಳ ನೋಡಿ ಬಿಸಿ ಆಗಿ ಬಂದಿರ್ತಾನ. ಮತ್ತ ಕೆಲವರು ಖರೇನ ಯೇಸು ಯಾರು ಅಂತ ತಿಳ್ಕೊಳ್ಳಾಕ ಬರ್ತಾರ.

ಕೇಳಿದ ಮ್ಯಾಲ ಸುಮ್ಮ ಕುಂದರ್ರಿ, ಅವರ ಹೇಳಿ ಮುಗಿಸಲಿ. ಮೊದಲ ಉತ್ತರ ಬಹುತೇಕ ಖರೇ ಉತ್ತರ ಆಗಿರಂಗಿಲ್ಲ, "ಹಿಂಗ ಸುಮ್ನ" ಅಂತಾರ, ಎರಡನೇ ಸಲ ಬಾಯಿ ಬಿಡ್ತಾರ.

ಇಲ್ಲಿ ಆಗೋ ತಪ್ಪು: ಎಲ್ಲಾರೂ ಯೇಸುವನ್ನ ಹುಡುಕತಾರ ಅಂತ ನಾವ ತಿಳಕೊಳ್ಳೋದು. ಪರೀಕ್ಷೆ ಹುಡುಗನ ಮುಂದ ಸಾಕ್ಷಿ, ಅಂದ್ರ ಯೇಸು ನನ್ನ ಬದುಕಿನಾಗ ಏನ್ ಮಾಡಿದ ಅಂತ, ಹೇಳಾಕ ಕುಂತ್ರ ಅವ ಎದ್ದ ಹೋಗ್ತಾನ, ಹೋಗೋದು ಸರೀನ ಐತಿ.

ದುಃಖದಾಗ ಇದ್ದವರಿಗೆ ಮಾತ್ರ ಕ್ರಮ ಬದಲ ಮಾಡ್ರಿ. ಅವರಿಗೆ ಸುವಾರ್ತೆಗಿಂತ ಮೊದಲ ಕೀರ್ತನೆಗಳು, ಅಂದ್ರ ಬೈಬಲಿನ ಪ್ರಾರ್ಥನೆ ಹಾಡುಗಳು. 13ನೇ ಕೀರ್ತನೆ ಆರೇ ವಚನ ಐತಿ, "ಎಲ್ಲಿ ತನಕ" ಅಂತ ದೇವರನ್ನ ನೇರ ಕೇಳೋ ಪ್ರಾರ್ಥನೆ. ಅದೊಂದ ಓದ್ರಿ, ವಿವರಣೆ ಕೊಡಬ್ಯಾಡ್ರಿ.

ಹಂತ 2: ಭಾಷೆ ಮತ್ತ ಅನುವಾದ ಆರಿಸ್ರಿ

ನಮ್ಮ ಕಡೆ ಇದು ಭಾಳ ಮುಖ್ಯ. ಕನ್ನಡ ಮಾತಾಡ್ತಾರ ಅಂದ ಕೂಡಲೇ ಕನ್ನಡ ಓದ್ತಾರ ಅಂತಲ್ಲ. ಬೆಳಗಾವಿ, ನಿಪ್ಪಾಣಿ, ಖಾನಾಪುರದಾಗ ಸಾಲಿ ಮರಾಠಿಯಾಗ ಕಲ್ತವರು ಎಷ್ಟೋ ಮಂದಿ ಅದಾರ, ವಿಜಯಪುರದಾಗ ಉರ್ದು ಓದಿದವರು ಅದಾರ, ಎರಡೂ ಭಾಷೆಯಾಗ ಬೈಬಲ್ ಸಿಗ್ತೈತಿ. "ಪೇಪರ್ ಯಾವ ಭಾಷೆದು ಓದ್ತೀರಿ?" ಅಂತ ಕೇಳ್ರಿ, ಅದೇ ಭಾಷೆಯ ಪುಸ್ತಕ ಕೊಡ್ರಿ.

ಕನ್ನಡದಾಗನ ಅನುವಾದ ಒಂದಕ್ಕಿಂತ ಹೆಚ್ಚ ಅದಾವು. ನಮ್ಮ ಹಳೇ ಪ್ರೊಟೆಸ್ಟಂಟ್ ಮನಿಯಾಗ ಇರೋದು ಬೈಬಲ್ ಸೊಸೈಟಿಯ "ಸತ್ಯವೇದವು", ಭಾಷೆ ಗಂಭೀರ, ಹಳೇದು, ಬಾಯಿಪಾಠಕ್ಕ ಚೊಲೋ, ಆದ್ರ ಹೊಸಬರಿಗೆ ಎರಡ ಸಾಲಿಗೊಮ್ಮೆ ತಡೀತೈತಿ. ಅದೇ ಸೊಸೈಟಿ ಸರಳ ಭಾಷೆಯ ಅನುವಾದಾನೂ ತಂದೈತಿ. "ಪರಿಶುದ್ಧ ಬೈಬಲ್" ಅಂತ ಸುಲಭ ಓದಿನ ಆವೃತ್ತಿ ಒಂದ ಐತಿ, ಅದರ ವಾಕ್ಯ ಸಣ್ಣು ಸಣ್ಣು, ಹತ್ತನೇ ಕ್ಲಾಸಿನ ಹುಡುಗರೂ ನಿಲ್ಲದ ಓದ್ತಾರ. "ಕನ್ನಡ ಸಮಕಾಲಿಕ ಅನುವಾದ" ಅಂತನೂ ಒಂದ ಐತಿ. ನನ್ನ ಅನುಭವದಾಗ ಹೊಸಬರಿಗೆ ಸುಲಭ ಓದಿಂದೇ ಮೊದಲ, "ಸತ್ಯವೇದವು" ಆಮ್ಯಾಲ. ನಮ್ಮ ಹಿರಿಯರು ಕೆಲವರು ಇದಕ್ಕ ಒಪ್ಪಂಗಿಲ್ಲ, ಹಳೇ ಭಾಷೆಯ ಗಾಂಭೀರ್ಯ ಹೋಗ್ತೈತಿ ಅಂತಾರ, ಅವರ ಮಾತಿನಾಗ ಹುರುಳ ಐತಿ, ಆದ್ರ ಓದೇ ಮುಂದ ಹೋಗಲಿಲ್ಲಂದ್ರ ಗಾಂಭೀರ್ಯ ತಗೊಂಡ ಏನ್ ಮಾಡೋದು.

ಕೊಡೋಕಿಂತ ಮೊದಲ ಪರೀಕ್ಷೆ ಮಾಡ್ರಿ: ಮಾರ್ಕ 2ನೇ ಅಧ್ಯಾಯದ ಮೊದಲ 12 ವಚನ ಅವರ ಕಡೆಯಿಂದನ ಜೋರಾಗಿ ಓದಿಸ್ರಿ. ಮೂರು ಸಲಕ್ಕಿಂತ ಹೆಚ್ಚ ತಡದ್ರ ಅನುವಾದ ಬದಲ ಮಾಡ್ರಿ. ಕಣ್ಣ ಸರಿ ಇರದವರು, ಓದು ಬರದವರಿದ್ರ ಆಡಿಯೋ ಹಾಕಿ ಕೊಡ್ರಿ, ಯೂವರ್ಷನ್ ಅನ್ನೋ ಬೈಬಲ್ ಆ್ಯಪಿನಾಗ ಕನ್ನಡ ಅನುವಾದಗಳು ಪುಕ್ಕಟೆ ಸಿಗ್ತಾವು, ಕೇಳಾಕೂ ಬರ್ತೈತಿ. ಮಾರ್ಕ ಪೂರ್ತಿ ಕೇಳಾಕ ಒಂದೂವರಿ ಎರಡ ತಾಸು ಹಿಡೀತೈತಿ. ಮಗ್ಗದ ಸಪ್ಪಳದಾಗ ನನ್ನ ದೋಸ್ತ ಇಯರ್‌ಫೋನ್ ಹಾಕ್ಕೊಂಡ ಹಂಗ ಕೇಳಿ ಮುಗಿಸಿದ.

ಇನ್ನೊಂದು, ಕ್ಯಾಥೊಲಿಕ್ ಬೈಬಲಿನಾಗ 73 ಪುಸ್ತಕ, ಪ್ರೊಟೆಸ್ಟಂಟ್ ಬೈಬಲಿನಾಗ 66. ಹೆಚ್ಚಿನ ಏಳು ಎಲ್ಲಾ ಹಳೇ ಒಡಂಬಡಿಕೆಯಾಗ ಬರ್ತಾವು, ಹೊಸ ಒಡಂಬಡಿಕೆಯ 27 ಪುಸ್ತಕ ಇಬ್ಬರಿಗೂ ಒಂದೇ. ಅದಕ್ಕ ಸುವಾರ್ತೆಯಿಂದ ಶುರು ಮಾಡಿದ್ರ ಈ ತಕರಾರು ಮೊದಲ ದಿನಾನ ಬರಂಗಿಲ್ಲ. ಹೆಸರಷ್ಟ ಫರಕ: ಪ್ರೊಟೆಸ್ಟಂಟರು ಸುವಾರ್ತೆ ಅಂತಾರ, ಕ್ಯಾಥೊಲಿಕ್ಕರು ಶುಭಸಂದೇಶ ಅಂತಾರ. ಇದನ್ನ ಮೊದಲ ಹೇಳಿ ಬಿಡ್ರಿ, ಇಲ್ಲಾಂದ್ರ ಎರಡೂ ಬ್ಯಾರೆ ಬ್ಯಾರೆ ಪುಸ್ತಕ ಅಂತ ತಿಳ್ಕೋತಾರ.

ಹಂತ 3: ಒಂದೇ ಸುವಾರ್ತೆ ಕೊಡ್ರಿ, ಅದೂ ಮಾರ್ಕ

ನಾಲ್ಕ ಸುವಾರ್ತೆಯಾಗ ಮಾರ್ಕ ಎಲ್ಲಾಕಿಂತ ಸಣ್ಣದು, 16 ಅಧ್ಯಾಯ. ಮತ್ತಾಯ ಶುರು ಆಗೋದು ವಂಶಾವಳಿಯಿಂದ, ಅಬ್ರಹಾಮನಿಂದ ಹಿಡಿದ ಹೆಸರಿನ ಸಾಲು. ಹೊಸಬರು ಮೊದಲ ಪುಟದಾಗನ ಪುಸ್ತಕ ಮುಚ್ತಾರ. ಯೋಹಾನ ಸುಂದರ ಐತಿ, ಆದ್ರ "ಆದಿಯಲ್ಲಿ ವಾಕ್ಯ" ಅಂತ ತತ್ವದಿಂದ ಶುರು ಆಗ್ತೈತಿ. ಮಾರ್ಕನಾಗ ಹುಟ್ಟಿದ ಕಥಿ ಸುದ್ದಾ ಇಲ್ಲ, ನೇರ ಕೆಲಸಕ್ಕ ಬರ್ತಾನ, "ಕೂಡಲೇ, ಕೂಡಲೇ" ಅಂತ ಓಡಿಸ್ಕೊಂಡ ಹೋಗ್ತಾನ. ಕಥಿ ಹೇಳೋದು, ಕೇಳೋದು ಇಷ್ಟಪಡೋ ಹೆಣ್ಮಕ್ಕಳಿಗೆ, ಹಿರಿಯರಿಗೆ ಲೂಕಾನೂ ಚೊಲೋ, ಆದ್ರ ಅದು 24 ಅಧ್ಯಾಯ, ಉದ್ದ.

ನಾಲ್ಕ ಸಲ ಕುಂತ ಓದೋ ಹಂಗ ಭಾಗ ಮಾಡಿ ಪೆನ್ಸಿಲ್ ಗೆರಿ ಹಾಕಿ ಕೊಡ್ರಿ: 1ರಿಂದ 4, 5ರಿಂದ 8, 9ರಿಂದ 13, 14ರಿಂದ 16. ಎರಡನೇ ಭಾಗದ ಕೊನಿಗೆ, 8ನೇ ಅಧ್ಯಾಯದ 27ರಿಂದ, ಯೇಸು ಶಿಷ್ಯರನ್ನ "ಜನಾ ನನ್ನನ್ನ ಯಾರಂತಾರ? ನೀವು ಯಾರಂತೀರಿ?" ಅಂತ ಕೇಳ್ತಾನ. ಅಲ್ಲಿ ಒಂದ ಗುರ್ತ ಹಾಕ್ರಿ. ಇಡೀ ಪುಸ್ತಕ ತಿರುಗೋದು ಆ ಪ್ರಶ್ನೆ ಮ್ಯಾಲ, ಅಲ್ಲಿಂದ ದಾರಿ ಯೆರೂಸಲೇಮಿನ ಕಡೆ, ಶಿಲುಬೆ ಕಡೆ.

13ನೇ ಅಧ್ಯಾಯ ಮೊದಲ ಓದಿನಾಗ ಬಿಟ್ರೂ ನಡೀತೈತಿ. ಯುದ್ಧ, ಭೂಕಂಪ, ದೇವಾಲಯ ಬೀಳೋ ಮಾತು, ಇದನ್ನ ಇವತ್ತಿನ ನ್ಯೂಸಿಗೆ ಜೋಡಿಸಿ ಅಂಜಿಸೋ ಮಂದಿ ಭಾಳ. ಕೊನೀ ಅಧ್ಯಾಯದಾಗ 9ರಿಂದ 20ನೇ ವಚನ ಎಲ್ಲಾಕಿಂತ ಹಳೇ ಕೈಬರಹ ಪ್ರತಿಗಳಾಗ ಇಲ್ಲ, ಎಷ್ಟೋ ಬೈಬಲಿನಾಗ ಅದಕ್ಕ ಅಡಿಟಿಪ್ಪಣಿ ಇರ್ತೈತಿ. ಅವರ ಕೇಳೋಕಿಂತ ಮೊದಲ ನೀವ ಹೇಳ್ರಿ. ನಾವ ಮುಚ್ಚಿಟ್ಟದ್ದು ಆಮ್ಯಾಲ ಯೂಟ್ಯೂಬಿನಾಗ ಗೊತ್ತಾದ್ರ ಉಳಿದ ಎಲ್ಲಾದರ ಮ್ಯಾಲೂ ನಂಬಿಕಿ ಹೋಗ್ತೈತಿ.

ನಮ್ಮ ಕಡೆಯ ಓದುಗರಿಗೆ ಮಾರ್ಕ ಯಾಕ ಹತ್ತಿರ ಆಗ್ತೈತಿ ಅಂತ ಒಂದ ಮಾತ ಹೇಳ್ತೀನಿ. 2ನೇ ಅಧ್ಯಾಯದಾಗ ನಾಲ್ಕ ಮಂದಿ ಪಾರ್ಶ್ವವಾಯು ಆದವನ್ನ ಹೊತ್ತಕೊಂಡ ಬರ್ತಾರ, ಬಾಗಲದಾಗ ಗದ್ಲ, ಮ್ಯಾಲ ಹತ್ತಿ ಚಾವಣಿ ಬಿಚ್ಚಿ ಹಾಸಿಗಿ ಸಮೇತ ಕೆಳಗ ಇಳಸ್ತಾರ. ಇಳಿಜಾರ ಹಂಚಿನ ಮನಿ ನೋಡಿದವರಿಗೆ ಇದು ಹೆಂಗ ಸಾಧ್ಯ ಅನ್ನಿಸ್ತೈತಿ. ಬಾಗೇವಾಡಿ ಕಡೆಯ ಒಬ್ಬ ಅಜ್ಜಾರಿಗೆ ಓದಿ ಹೇಳಿದಾಗ ಅವರು ತಮ್ಮ ಮಾಳಿಗಿ ಮನಿಯ ಬೆಳಕಿಂಡಿ ಕಡೆ ಕೈ ಮಾಡಿ "ಅದರ ಸುತ್ತ ಮಣ್ಣ ತಗದ್ರ ಆತು, ಜಂತಿ ನಡುವ ಮನುಷ್ಯಾ ಇಳೀತಾನ, ಆದ್ರ ಮನಿ ಮಾಲಕ ಸುಮ್ಮ ಬಿಟ್ನೇನು?" ಅಂದ್ರು. ಅಷ್ಟ ಓದಿದ ಮಂದಿಯ ವ್ಯಾಖ್ಯಾನದಾಗ ನನಗ ಸಿಗದ ಪ್ರಶ್ನೆ ಅದು. 4ನೇ ಅಧ್ಯಾಯದಾಗ ಬಿತ್ತೋನ ಕಥಿ ಬರ್ತೈತಿ, ದಾರಿ ಮ್ಯಾಲ ಬಿದ್ದ ಬೀಜ, ಕಲ್ಲಮ್ಯಾಲ ಬಿದ್ದದ್ದು, ಮುಳ್ಳಿನಾಗ ಬಿದ್ದದ್ದು. ಕೂರಿಗಿ ಹಿಡದ ಮಂದಿಗೆ ಅರ್ಥ ಬಿಡಿಸಿ ಹೇಳಾಕ ಹೋಗಬ್ಯಾಡ್ರಿ, ಅವರ ನಿಮಗ ಹೇಳ್ತಾರ.

ಇಲ್ಲಿ ಆಗೋ ತಪ್ಪು: "ಇದರ ಜೋಡಿ ಇದನ್ನೂ ಓದ್ರಿ" ಅಂತ ಎರಡನೇ ಪುಸ್ತಕ ಕೊಡೋದು. ಒಂದ ಮುಗಿಯೋತನಕ ಇನ್ನೊಂದ ಬ್ಯಾಡ.

ಹಂತ 4: ಶಬ್ದಗಳ ಪಟ್ಟಿ ಬರದ ಕೊಡ್ರಿ

ನಮಗ ಸಣ್ಣಂದಿನಿಂದ ಕಿವಿ ಮ್ಯಾಲ ಬಿದ್ದ ಶಬ್ದ ಅವರಿಗೆ ಬ್ಯಾರೆ ಅರ್ಥ ಕೊಡ್ತಾವು. ನೋಟಬುಕ್ಕಿನ ಹಿಂದಿನ ಹಾಳಿಮ್ಯಾಲ ಹತ್ತ ಶಬ್ದ, ಒಂದೊಂದಕ್ಕ ಒಂದ ಸಾಲು, ಸಾಕು. "ಕ್ರಿಸ್ತ" ಅಂದ್ರ ಅಡ್ಡಹೆಸರಲ್ಲ, ಎಣ್ಣಿ ಹಚ್ಚಿ ಅಭಿಷೇಕ ಮಾಡಿದವ, ಅಂದ್ರ ಬರಬೇಕಾಗಿದ್ದ ರಾಜ. "ಸುವಾರ್ತೆ" ಅಂದ್ರ ಒಳ್ಳೇ ಸುದ್ದಿ. "ಪಾಪ" ಅಂದ್ರ ನಮ್ಮ ದಿನದ ಮಾತಿನಾಗ "ಪಾಪ, ಹುಡುಗ ಬಿದ್ದ" ಅಂತ ಕನಿಕರಕ್ಕೂ ಬರ್ತೈತಿ, ಹೋದ ಜನ್ಮದ ಕರ್ಮದ ಅರ್ಥಾನೂ ಬರ್ತೈತಿ, ಬೈಬಲಿನಾಗ ಎರಡೂ ಅಲ್ಲ, ದೇವರಿಂದ ಮುಖ ತಿರುವಿದ್ದು ಮತ್ತ ಆ ತಿರುವಿನಿಂದ ಮಾಡಿದ್ದು. "ಸುಂಕದವರು" ಅಂದ್ರ ರೋಮಿನ ಆಳ್ವಿಕೆಯಾಗ ತಮ್ಮದೇ ಜನರ ಕಡೆ ತೆರಿಗೆ ವಸೂಲಿ ಮಾಡೋರು, ಅದಕ್ಕ ಜನಾ ಅವರನ್ನ ದ್ವೇಷ ಮಾಡ್ತಿದ್ರು. ಫರಿಸಾಯರು (ಧರ್ಮದ ಕಟ್ಟಳೆ ಬಿಗಿಯಾಗಿ ಪಾಲಿಸೋ ಯೆಹೂದ್ಯರ ಪಂಗಡ), ಸಬ್ಬತ್ತು (ವಾರದ ವಿಶ್ರಾಂತಿ ದಿನ), ಪಸ್ಕಹಬ್ಬ (ಈಜಿಪ್ಟಿನ ಗುಲಾಮಗಿರಿಯಿಂದ ಬಿಡುಗಡಿ ಆದ ನೆನಪಿನ ಹಬ್ಬ), ಸಮಾರ್ಯದವರು (ಯೆಹೂದ್ಯರಿಗೆ ಆಗದ ನೆರೆಯ ಜನಾ), ಇವಿಷ್ಟ ಗೊತ್ತಾದ್ರ ಓದು ಹಗುರ ಆಗ್ತೈತಿ.

ಬೈಬಲಿನ ಹಿಂದ ನಕಾಶಿ ಇದ್ರ ತೋರಿಸ್ರಿ. ನಜರೇತಿನಿಂದ ಯೆರೂಸಲೇಮಿಗೆ ನೂರ ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು, ವಿಜಯಪುರದಿಂದ ಬಾಗಲಕೋಟಿಗಿಂತ ಇನ್ನೊಂದಿಷ್ಟ ದೂರ. ಹಬ್ಬಕ್ಕ ಜನಾ ಗುಂಪ ಕಟ್ಕೊಂಡ ನಡಕೊಂಡ ಹೋಗ್ತಿದ್ರು ಅಂದ್ರ ಪಂಢರಪುರಕ್ಕ ದಿಂಡಿ ಹೋಗೋದನ್ನ ನೋಡಿದವರಿಗೆ ಕೂಡಲೇ ಕಣ್ಣಿಗೆ ಕಟ್ತೈತಿ.

ಒಂದ ಶಬ್ದದಾಗ ಮಾತ್ರ ಭಾಳ ಹುಷಾರ, ತ್ರಯೈಕತ್ವ. ತಂದೆ, ಮಗ, ಪವಿತ್ರಾತ್ಮ ಅಂದ ಕೂಡಲೇ ನಮ್ಮ ಕಡೆ ಕೆಲವರು "ಬ್ರಹ್ಮ ವಿಷ್ಣು ಮಹೇಶ್ವರ ಇದ್ದಂಗ" ಅಂತಾರ, ಲಿಂಗಾಯತ ದೋಸ್ತರಿಗೆ "ಗುರು ಲಿಂಗ ಜಂಗಮ ಇದ್ದಂಗ" ಅಂತಾರ. ಸುಲಭ ಆಗಲಿ ಅಂತ ಹೇಳೋದು ಖರೇ, ಆದ್ರ ಎರಡೂ ಕಡೆಗೂ ಅನ್ಯಾಯ ಆಗ್ತೈತಿ. ಗುರು ಲಿಂಗ ಜಂಗಮಕ್ಕ ಅದರದೇ ಆಳ ಐತಿ, ತ್ರಯೈಕತ್ವಕ್ಕ ಇದರದೇ. ಮೂರ ದೇವರಲ್ಲ, ಒಬ್ಬನೇ ದೇವರು ಅಂತ ಕ್ರೈಸ್ತರು ನಂಬ್ತಾರ, ಇದನ್ನ ಪೂರ್ತಿ ಬಿಡಿಸಿ ಹೇಳಾಕ ಮೊದಲ ವಾರದಾಗ ಆಗಂಗಿಲ್ಲ, ಮುಂದ ಮಾತಾಡೋಣು ಅಂತ ಹೇಳ್ರಿ. ಅಷ್ಟ ಸಾಕು. ಯೇಸುವನ್ನ "ಇನ್ನೊಂದ ಅವತಾರ" ಅಂತ ಹೇಳೋದೂ ಹಂಗ ತಪ್ಪ ದಾರಿ ಹಿಡಸ್ತೈತಿ.

ಹಂತ 5: ವಾರಕ್ಕೊಮ್ಮೆ ಕುಂದರ್ರಿ, ಆದ್ರ ಪಾಠ ಮಾಡಬ್ಯಾಡ್ರಿ

ಓದಿದ ಭಾಗದಾಗ ಅವರು ಮೂರ ಗುರ್ತ ಹಾಕಲಿ: ಚೊಲೋ ಅನ್ನಿಸಿದ್ದಕ್ಕ ಗೆರಿ, ತಿಳೀಲಾರದ್ದಕ್ಕ ಪ್ರಶ್ನಾರ್ಥಕ, ಸಿಟ್ಟ ಬಂದದ್ದಕ್ಕ ಗುಣಾಕಾರ. ನೀವು ಗುಣಾಕಾರದಿಂದ ಶುರು ಮಾಡ್ರಿ. 5ನೇ ಅಧ್ಯಾಯದಾಗ ಎರಡ ಸಾವಿರ ಹಂದಿ ನೀರಾಗ ಬಿದ್ದ ಸಾಯ್ತಾವು, ಮಾಲಕರ ಗತಿ ಏನು ಅಂತ ಕೇಳ್ತಾರ. 7ನೇ ಅಧ್ಯಾಯದಾಗ ಪರದೇಶದ ಹೆಣ್ಮಗಳು ಮಗಳಿಗಾಗಿ ಬೇಡ್ಕೋತಾಳ, ಯೇಸು ಮಕ್ಕಳ ರೊಟ್ಟಿ ನಾಯಿಗೆ ಹಾಕೋದ ಸರಿ ಅಲ್ಲ ಅಂತ ಕಟುವಾದ ಮಾತ ಹೇಳ್ತಾನ, ಆಕಿ ಎದುರು ಉತ್ತರ ಕೊಟ್ಟ ಗೆಲ್ತಾಳ. ನನಗ ಇವತ್ತಿಗೂ ಆ ಮಾತು ಓದುವಾಗ ಎದಿ ಭಾರ ಆಗ್ತೈತಿ. ಹಂಗಂತ ಹೇಳ್ರಿ. ಗೊತ್ತಿಲ್ಲದ್ದಕ್ಕ ಉತ್ತರ ಕಟ್ಟಬ್ಯಾಡ್ರಿ, ನೋಟಬುಕ್ಕಿನಾಗ ಬರ್ಕೊಂಡ ಬಂದ ಮುಂದಿನ ವಾರ ಹೇಳ್ರಿ.

"ಇದು ನಮ್ಮ ವಚನದಾಗೂ ಐತಿ" ಅನ್ನೋ ಮಾತು ಬಂದ ಬರ್ತೈತಿ, ಕೂಡಲಸಂಗಮ ಇರೋ ಜಿಲ್ಲಾದಾಗ ಬರದ ಇರ್ತೈತೇನು? ಆವಾಗ ನಮ್ಮವರು ಎರಡ ತಪ್ಪ ಮಾಡ್ತಾರ. ಒಂದು, "ಇಲ್ಲ ಇಲ್ಲ, ಅದ ಬ್ಯಾರೆ" ಅಂತ ಜಗಳಕ್ಕ ನಿಲ್ಲೋದು. ಇನ್ನೊಂದು, "ಹೌದ್ರಿ ಎಲ್ಲಾ ಒಂದೇ" ಅಂತ ಮಾತು ಮುಗಿಸೋದು. ಎರಡರಿಂದಲೂ ಅವರ ವಿಚಾರ ಅಲ್ಲೇ ಸಾಯ್ತೈತಿ. "ಯಾವ ವಚನ? ಹೇಳ್ರಿ, ಎರಡೂ ಮಗ್ಗಲ ಮಗ್ಗಲ ಇಟ್ಟ ಓದೋಣು" ಅನ್ರಿ.

ಎಚ್ಚರಿಕೆಯ ಗುರ್ತು: ನೀವ ಹೆಚ್ಚ ಮಾತಾಡಿ ಅವರು ಬರೇ "ಹೂಂ, ಹೂಂ" ಅನ್ನಾಕತ್ರ ನಿಲ್ಲಿಸ್ರಿ. ಮರ್ಯಾದಿಗೆ ಕುಂತಿರ್ತಾರ, ಮುಂದಿನ ವಾರ ಬರಂಗಿಲ್ಲ.

ಹಂತ 6: ವಿಡಿಯೋ ಕಳಸೋದಿದ್ರ ಈ ಕ್ರಮದಾಗ

ಮಾರ್ಕ ಅರ್ಧ ಆದ ಮ್ಯಾಲ, ಅದಕ್ಕಿಂತ ಮೊದಲ ಬ್ಯಾಡ. ಯಾಕಂದ್ರ ವಿಡಿಯೋ ನೋಡಿದವರು ಪುಸ್ತಕ ಬಿಡ್ತಾರ, ಪುಸ್ತಕ ಓದಿದವರು ವಿಡಿಯೋ ಬಿಡಂಗಿಲ್ಲ.

ಒಂದ ಸಿನಿಮಾ ಹೇಳ್ತೀನಿ: 1979ರ "ಜೀಸಸ್", ಲೂಕನ ಸುವಾರ್ತೆ ಮ್ಯಾಲ ಮಾಡಿದ್ದು, ಕನ್ನಡ ಡಬ್ಬಿಂಗೂ ಐತಿ, ಸುಮಾರ ಎರಡ ತಾಸು. ಮನಿಮಂದಿ ಜೋಡಿ ಕುಂತ ನೋಡಬಹುದು. ಇಂಗ್ಲಿಷ್ ತಿಳಿಯೋ ಹುಡುಗರಿಗೆ ಬೈಬಲ್ ಪ್ರಾಜೆಕ್ಟಿನ ಸಣ್ಣ ಚಿತ್ರದ ವಿಡಿಯೋಗಳು, ಒಂದೊಂದ ಪುಸ್ತಕ ಹೆಂಗ ಜೋಡಿಸ್ಯಾರ ಅಂತ ಗೆರಿ ಎಳದ ತೋರಸ್ತಾರ.

ಒಂದ ಸಲಕ್ಕ ಒಂದೇ ಲಿಂಕ್. ಮ್ಯಾಲ ಒಂದ ಸಾಲು ಬರೀರಿ, ಇದು ಯಾಕ ಕಳಸಾಕತ್ತೀನಿ, ಎಷ್ಟ ನಿಮಿಷ ಐತಿ ಅಂತ. ಪ್ರವಚನದ ವಿಡಿಯೋ, ಅದರಾಗೂ ಕೂಗಿ ಕೂಗಿ ಪ್ರಾರ್ಥನೆ ಮಾಡೋದು, ಗಾಲಿಕುರ್ಚಿಯಿಂದ ಎಬ್ಬಿಸೋದು, ಇಂಥಾವು ಖಂಡಿತ ಬ್ಯಾಡ. ಧರ್ಮ ಧರ್ಮದ ವಾದದ ವಿಡಿಯೋನೂ ಬ್ಯಾಡ. ನೀವು ಪೂರ್ತಿ ನೋಡಲಾರದ್ದು ಯಾವುದನ್ನೂ ಫಾರ್ವರ್ಡ್ ಮಾಡಬ್ಯಾಡ್ರಿ, ಮೊದಲ ಹತ್ತ ನಿಮಿಷ ಚೊಲೋ ಇದ್ದು ಕೊನಿಗೆ ಮಂದಿಯ ದೇವರನ್ನ ಬೈದ ವಿಡಿಯೋ ನಾ ಒಮ್ಮೆ ಕಳಿಸಿ ಒಂದ ಹಳೇ ದೋಸ್ತಿ ಕಳಕೊಂಡೀನಿ.

ಹಂತ 7: ಮಾರ್ಕ ಮುಗದ ಮ್ಯಾಲ ಮುಂದಿನದು

ಇಲ್ಲಿಂದ ಅವರ ರುಚಿ ನೋಡಿ ಹೋಗ್ರಿ. ಎಲ್ಲಾರಿಗೂ ಲೂಕ 15ನೇ ಅಧ್ಯಾಯ ಓದಿಸ್ತೀನಿ ನಾನು: ತಪ್ಪಿಸಿಕೊಂಡ ಕುರಿ, ಕಳದ ಬೆಳ್ಳಿ ನಾಣ್ಯ, ಮನಿ ಬಿಟ್ಟ ಹೋದ ಸಣ್ಣ ಮಗ, ಅವ ತಿರುಗಿ ಬಂದಾಗ ಅಪ್ಪ ಹಬ್ಬ ಮಾಡಿದ್ದಕ್ಕ ಸಿಟ್ಟಾಗಿ ಹೊರಗ ನಿಂತ ಹಿರೇಮಗ. ರಬಕವಿಯ ದೋಸ್ತ ತನ್ನ ಮನಿಯಾಗ ಹಿರೇಮಗ, ತಮ್ಮ ವಾಟ್ನಿ ತಗೊಂಡ ಹೋಗಿ ಎಲ್ಲಾ ಕಳದ ಬಂದಾನ. ಓದಿ ಪುಸ್ತಕ ಮಡಚಿ ಭಾಳ ಹೊತ್ತ ಸುಮ್ಮ ಕುಂತ. ಆಮ್ಯಾಲ "ಹಿರೇ ಮಗ ಹೇಳಿದ್ದು ಖರೇ ಐತಿ ಬಿಡು. ಕೊನಿಗೆ ಅವ ಒಳಗ ಹೋದನೋ ಇಲ್ಲೋ?" ಅಂದ. ಕಥಿಯಾಗ ಅದು ಹೇಳಿಲ್ಲ, ಅಪ್ಪ ಹೊರಗ ನಿಂತ ಕರಿಯೋದಕ್ಕ ಕಥಿ ಮುಗೀತೈತಿ ಅಂದೆ. ಮತ್ತೊಮ್ಮೆ ತಗದ ಓದಿದ.

ನೀತಿ, ನಡತಿ ಬಗ್ಗೆ ಕೇಳೋರಿಗೆ ಮತ್ತಾಯ 5ರಿಂದ 7, ಬೆಟ್ಟದ ಮ್ಯಾಲಿನ ಉಪದೇಶ. ಮುಂದ ಶಿಷ್ಯರು ಏನ್ ಮಾಡಿದ್ರು ಅಂತ ಕೇಳೋರಿಗೆ ಅಪೊಸ್ತಲರ ಕೃತ್ಯಗಳು, 28 ಅಧ್ಯಾಯ. ಪತ್ರಗಳಾಗ ಮೊದಲ ಫಿಲಿಪ್ಪಿಯವರಿಗೆ ಬರದದ್ದು, ನಾಲ್ಕೇ ಅಧ್ಯಾಯ, ಮೊದಲ ಕಾಲದ ಪ್ರಚಾರಕ ಪೌಲ ಸೆರೆಯಾಗ ಇದ್ದ ಬರದದ್ದು. ರೋಮಾಪುರದವರಿಗೆ ಬರದ ಪತ್ರ ಆಮ್ಯಾಲ, ಬೈಬಲಿನ ಕೊನೀ ಪುಸ್ತಕ ಪ್ರಕಟನೆ ಎಲ್ಲಾದಕ್ಕಿಂತ ಕೊನಿಗೆ. ಹಳೇ ಒಡಂಬಡಿಕೆ ಈಗ ತಗೀಬಹುದು, ಆದಿಕಾಂಡದಿಂದ, ಯೋಸೇಫನ ಕಥಿ ತನಕ. ಅದರ ಮುಂದ ವಿಮೋಚನಕಾಂಡಕ್ಕ ಹೋಗಿ ಜಾಲೀಮರದ ಅಳತಿ ಬಂದಾಗ ಜಿಗಿಯಾಕ ಅಡ್ಡಿ ಇಲ್ಲ ಅಂತ ಹೇಳಿ ಕೊಡ್ರಿ.

ಬೈಬಲಿನ ಹೊರಗ: ಕನ್ನಡ ಸಾಹಿತ್ಯ ಓದಿದವರಿಗೆ ಗೋವಿಂದ ಪೈಯವರ "ಗೊಲ್ಗೊಥಾ", ಯೇಸುವಿನ ಕೊನೀ ದಿನದ ಮ್ಯಾಲ ಕ್ರೈಸ್ತರಲ್ಲದ ದೊಡ್ಡ ಕವಿ ಬರದ ಖಂಡಕಾವ್ಯ, ಭಾಷೆ ಗಟ್ಟಿ ಐತಿ, ಹಳೇ ಕಾವ್ಯದ ರೂಢಿ ಇದ್ದವರಿಗಷ್ಟ ಕೊಡ್ರಿ. ಇಂಗ್ಲಿಷ್ ಓದೋರಿಗೆ ಎರಡ ದಾರಿ ಅದಾವು, ಫರಕ ಹೇಳಿ ಕೊಡ್ರಿ. ಸಿ.ಎಸ್. ಲೂಯಿಸರ "ಮೇರ್ ಕ್ರಿಶ್ಚಿಯಾನಿಟಿ", 1952ರದ್ದು, ಎರಡನೇ ಮಹಾಯುದ್ಧದ ಹೊತ್ತಿನ ರೇಡಿಯೋ ಮಾತುಗಳಿಂದ ಆದದ್ದು, ಅದು ನಂಬಿದವರು ನಂಬಿಕಿ ಪರವಾಗಿ ಮಾಡಿದ ವಾದ. ಲಿಂಡಾ ವುಡ್‌ಹೆಡ್ ಅವರು ಆಕ್ಸ್‌ಫರ್ಡಿನ ಕಿರು ಪರಿಚಯ ಮಾಲಿಕೆಗೆ ಕ್ರೈಸ್ತ ಧರ್ಮದ ಮ್ಯಾಲ ಬರದದ್ದು ಪಂಡಿತರ ಹೊರಗಿನ ನೋಟ. ಪರೀಕ್ಷೆ ಹುಡುಗಗ ಎರಡನೇದು. ಕ್ಯಾಥೊಲಿಕ್ ಬೋಧನೆ ಬೇಕಂದವರಿಗೆ 2011ರ "ಯೂಕ್ಯಾಟ್", ಪ್ರಶ್ನೆ ಉತ್ತರದ ರೂಪದಾಗ ಐತಿ.

ಹಂತ 8: ಚರ್ಚ್ ನೋಡಬೇಕಂದ್ರ

ಅವರ ಬಾಯಿಂದ ಬರೋತನಕ ಕರೀಬ್ಯಾಡ್ರಿ. ಬಂದ ಮ್ಯಾಲ ಕ್ರಿಸ್ಮಸ್ಸಿಗೆ ಕರಕೊಂಡ ಹೋಗಬ್ಯಾಡ್ರಿ, ಆವತ್ತ ಗದ್ಲ, ಲೈಟು, ಕೇಕು, ಏನೂ ತಿಳಿಯಂಗಿಲ್ಲ. ಯಾವುದರ ಸಾದಾ ರವಿವಾರ ಚೊಲೋ.

ಮೊದಲ ವಿಚಾರಿಸ್ರಿ, ಆರಾಧನೆ ಯಾವ ಭಾಷೆಯಾಗ, ಎಷ್ಟ ಹೊತ್ತು. ಬೆಳಗಾವಿಯಾಗ ಇಂಗ್ಲಿಷ್, ಕೊಂಕಣಿ, ಮರಾಠಿ, ಕನ್ನಡ ಎಲ್ಲಾ ನಡೀತಾವು, ಕನ್ನಡ ಅಂತ ಕರಕೊಂಡ ಹೋಗಿ ಕೊಂಕಣಿ ಪೂಜೆಗೆ ಕುಂದರಿಸಿದ್ರ ಒಂದ ತಾಸು ಗೋಡಿ ನೋಡ್ತಾರ. ಸಾಧ್ಯ ಆದ್ರ ಎರಡ ನಮೂನಿ ತೋರಿಸ್ರಿ: ಕ್ಯಾಥೊಲಿಕ್ಕರ ಫಾತಿಮಾ ಕಥೀಡ್ರಲಿನ ಬಲಿಪೂಜೆ ಒಂದ ರವಿವಾರ, ಪ್ರೊಟೆಸ್ಟಂಟರ ಮೆಥಡಿಸ್ಟ್ ಇಲ್ಲಾ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಚರ್ಚಿನ ಆರಾಧನೆ ಇನ್ನೊಂದ ರವಿವಾರ. ಬಾಗಲಕೋಟಿ ಕಡೆಯವರಿಗೆ ಗುಳೇದಗುಡ್ಡದ ಸಿ.ಎಸ್.ಐ. ಚರ್ಚ್ ಹತ್ತಿರ.

ಬಾಗಲದಾಗ ನಿಂತ ಹೇಳಬೇಕಾದ ಮಾತುಗಳನ್ನ ಹಿಂದಿನ ದಿನಾನ ಹೇಳ್ರಿ. ಚಪ್ಪಲಿ ಕೆಲವ ಕಡೆ ಹೊರಗ ಬಿಡ್ತಾರ, ಕೆಲವ ಕಡೆ ಇಲ್ಲ. ಎಲ್ಲಾರೂ ಏಳುವಾಗ ಏಳಬಹುದು, ಕುಂತರೂ ಯಾರೂ ಅನ್ನಂಗಿಲ್ಲ. ಕಾಣಿಕಿ ಚೀಲ ಬಂದ್ರ ಹಾಕಲೇಬೇಕಂತಿಲ್ಲ, ಮುಂದ ಸರಿಸಿದ್ರ ಆತು. ಮುಖ್ಯ, ರೊಟ್ಟಿ ಮತ್ತ ದ್ರಾಕ್ಷಾರಸ ಕೊಡುವಾಗ ಎಲ್ಲಾರ ಜೋಡಿ ಸಾಲಿನಾಗ ನಿಲ್ಲಬಾರದು, ಅದು ಪ್ರಸಾದ ಅಲ್ಲ, ದೀಕ್ಷಾಸ್ನಾನ ಆಗಿ ಆ ಸಭೆಗೆ ಸೇರಿದವರು ತಗೊಳ್ಳೋದು. ಇದನ್ನ ಮೊದಲ ಹೇಳದಿದ್ರ ಪ್ರಸಾದ ಅಂತ ಭಕ್ತಿಯಿಂದನ ಕೈ ಚಾಚ್ತಾರ, ಅಲ್ಲಿ ಇಲ್ಲ ಅಂದಾಗ ಅವಮಾನ ಆಗ್ತೈತಿ, ಆ ಅವಮಾನಕ್ಕ ಕಾರಣ ನಾವು.

ಮತ್ತ ನಿಮ್ಮ ಪಾಸ್ಟರಿಗೆ, ಫಾದರಿಗೆ ಮೊದಲ ಹೇಳಿಡ್ರಿ: ಇವರನ್ನ ಎಬ್ಬಿಸಿ ನಿಲ್ಲಿಸಿ ಪರಿಚಯ ಕೇಳೋದ ಬ್ಯಾಡ, ಚಪ್ಪಾಳಿ ಬ್ಯಾಡ, ಫೋನ್ ನಂಬರ್ ತಗೊಳ್ಳೋದಂತೂ ಬ್ಯಾಡ.

ಕೂಡಲೇ ನಿಲ್ಲಬೇಕಾದ ಗುರ್ತುಗಳು

ಯಾವ ಪುಸ್ತಕ, ಚಾನೆಲ್, ಸಭೆ ಆಗಲಿ, ಇವು ಕಂಡ್ರ ಯಾರಿಗೂ ಹೇಳಬ್ಯಾಡ್ರಿ. ಗುಳಿಗಿ ಬಿಡ್ರಿ, ಪ್ರಾರ್ಥನೆಯಿಂದ ವಾಸಿ ಆಗ್ತೈತಿ ಅನ್ನೋದು. ಇದು ಜೀವದ ಪ್ರಶ್ನೆ, ಸಕ್ಕರಿ ಕಾಯಿಲಿ ಗುಳಿಗಿ ಬಿಟ್ಟ ಮಂದಿ ಆಸ್ಪತ್ರಿ ಸೇರಿದ್ದು ನಾ ನೋಡೀನಿ. ಇಷ್ಟ ರೊಕ್ಕ ಕಳಿಸಿದ್ರ ಇಷ್ಟ ಆಶೀರ್ವಾದ ಅನ್ನೋದು. ಲೋಕ ಮುಗಿಯೋ ತಾರೀಖ ಹೇಳೋದು. ಮನಿಯವರಿಗೆ ಹೇಳಬ್ಯಾಡ್ರಿ ಅನ್ನೋದು. ಬ್ಯಾರೆ ಧರ್ಮದ ದೇವರನ್ನ, ಪೂಜೆಯನ್ನ ಹೀಯಾಳಸೋದು. ನಮ್ಮ ಸಭೆ ಬಿಟ್ರ ಉಳಿದ ಚರ್ಚೆಲ್ಲಾ ಸುಳ್ಳ ಅನ್ನೋದು.

ಪುಸ್ತಕ ಯಾರ ಅಚ್ಚು ಮಾಡ್ಯಾರ ಅಂತ ಒಳಪುಟ ನೋಡೋ ರೂಢಿ ಇಟ್ಕೋರಿ. ಯೆಹೋವನ ಸಾಕ್ಷಿಗಳು ತಮ್ಮದೇ ಬೈಬಲ್ ಅನುವಾದ ಇಟ್ಟುಕೊಂಡಾರ, ತ್ರಯೈಕತ್ವ ಒಪ್ಪಂಗಿಲ್ಲ. ಅವರ ಪುಸ್ತಕ ಓದಬಾರದಂತಲ್ಲ, ಆದ್ರ ಓದೋರಿಗೆ ಯಾರದು ಅಂತ ಗೊತ್ತಿರಬೇಕು.

ನಮ್ಮ ಕಡೆಯಿಂದಾನೂ ಒಂದ ಗೆರಿ. 2021ರ ಡಿಸೆಂಬರಿನಾಗ ನಮ್ಮ ಬೆಳಗಾವಿ ಸುವರ್ಣ ವಿಧಾನಸೌಧದಾಗನ ಮತಾಂತರ ನಿಷೇಧ ಮಸೂದೆ ಮ್ಯಾಲ ವಿಧಾನಸಭೆ ಕಾವೇರಿತ್ತು, ಅಂಗೀಕಾರಾನೂ ಆತು, ಆವಾಗಿಂದ ಪುಸ್ತಕ ಕೊಡೋದನ್ನೂ ಜನಾ ಸಂಶಯದಿಂದ ನೋಡ್ತಾರ. ಅದಕ್ಕ ಕೇಳಿದವರಿಗಷ್ಟ ಕೊಡ್ರಿ, ಬಹಿರಂಗ ಕೊಡ್ರಿ, ಪುಸ್ತಕದ ಜೋಡಿ ರೊಕ್ಕ, ಕೆಲಸ, ಸಾಲಿ ಸೀಟು, ಇಂಥಾ ಯಾವ ಮಾತೂ ಬರಬಾರದು. ಸಣ್ಣ ಮಕ್ಕಳು ಕೇಳಿದ್ರ ಮೊದಲ ಅವರ ತಾಯಿ ತಂದಿಗೆ ಹೇಳ್ರಿ. ಕಾನೂನಿಗೆ ಅಂಜಿ ಅಷ್ಟ ಅಲ್ಲ, ಆಸಿ ತೋರಿಸಿ ಓದಿಸಿದ್ದು ಓದೇ ಅಲ್ಲ.

ನಡುವ ಬಿಟ್ರ ಏನ್ ಮಾಡೋದು

ಬಿಡ್ತಾರ ಕೆಲವರು. ಎರಡ ವಾರ ಬರಲಿಲ್ಲಂದ್ರ ಒಮ್ಮೆ ಕೇಳ್ರಿ, ಅದೂ ಪುಸ್ತಕದ ಬಗ್ಗೆ ಅಲ್ಲ, ಆರಾಮ ಅದೀರಿಲ್ಲೋ ಅಂತ. ಅವರ ಆ ಮಾತ ತಗೀಲಿಲ್ಲಂದ್ರ ನೀವೂ ತಗೀಬ್ಯಾಡ್ರಿ. "ಸಾಕ್ರಿ, ತಿಳೀತು" ಅಂತ ಪುಸ್ತಕ ವಾಪಸ್ ಕೊಟ್ರ ಇಸಗೋರಿ, "ಇರಲಿ ಇಟ್ಕೋರಿ" ಅಂತ ಒತ್ತಾಯ ಮಾಡಬ್ಯಾಡ್ರಿ. ಅವರ ಹಾಕಿದ ಪೆನ್ಸಿಲ್ ಗುರ್ತ ಅಳಸಬ್ಯಾಡ್ರಿ, ಮುಂದ ಅವರೇ ಕೇಳ್ಕೊಂಡ ಬಂದ್ರ ಅದೇ ಪ್ರತಿ ಕೊಡಾಕ ಬರ್ತೈತಿ. ನನ್ನ ಕಪಾಟಿನಾಗ ಅಂಥಾ ಮೂರ ಮಾರ್ಕ ಅದಾವು, ಹಿಂದಿನ ಹಾಳಿಮ್ಯಾಲ ಹೆಸರು ಮತ್ತ ಓದಿ ನಿಲ್ಲಿಸಿದ ಅಧ್ಯಾಯ ಬರದ ಇಟ್ಟೀನಿ.